ಬರ್ಲಿ ತಾತ ಒರಗಿದ ಹಲಗೆ

"ಅಮ್ಮ, ಬರ್ಲಿ ತಾತ ಕೂತ್ಕೊಂಡೇ ಯಾಕೆ ನಿದ್ದೆ ಮಾಡ್ತಾರೆ? ಅವರಿಗೆ ಮಲಗೋಕೆ ಬರಲ್ವಾ?"

ಹೋದ ವಾರ ಮಗಳು ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡು ಕೇಳಿದಳು. ನಗು ಬಂತು. ಆದರೆ ಅವಳ ಮಾತು ನಿಜ. ಎದುರು ಮನೆಯ ತಾತನಿಗೆ ಮಲಗೋಕೆ ಬರುವುದಿಲ್ಲ.

ಅವರು ಆಯಸ್ಸೆಲ್ಲ ಲಾರಿ ಓಡಿಸಿದವರು. ನಿದ್ದೆ ಮಾಡಿದ್ದೂ ಡ್ರೈವರ್ ಸೀಟಿನಲ್ಲೇ, ಕತ್ತಿಗೆ ಟವೆಲ್ ಸುತ್ತಿಕೊಂಡು, ಒಂದು ಕಿವಿ ಹಿಂದಿನ ಸರಕಿನ ಕಡೆ ಇಟ್ಟುಕೊಂಡು. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಆದರೂ ನಮ್ಮ ಬೀದಿಯಲ್ಲಿ ಯಾರ ಗಾಡಿ ಹಿಂದಕ್ಕೆ ಸರಿದರೂ ಸಾಕು, ಯಾರೂ ಕರೆಯದೆಯೇ ಹೊರಗೆ ಬಂದು, ಗಾಡಿಯ ಬೆನ್ನು ತಟ್ಟುತ್ತಾ, "ಬರ್ಲಿ, ಬರ್ಲಿ, ಬರ್ಲಿ... ಸಾಕು" ಎನ್ನುತ್ತಾರೆ. ನನ್ನ ಮಗಳ ಮೂರು ಗಾಲಿ ಸೈಕಲ್ಲಿಗೂ ಅದೇ ಮರ್ಯಾದೆ. ಹೆಸರು ಬಿದ್ದದ್ದು ಹಾಗೆ.

ತಾತನ ಹೆಂಡತಿ, ಅಜ್ಜಿಗೆ ಇದ್ದ ಕೊರಗು ಒಂದೇ. "ಮದುವೆಯಾದಾಗಿಂದ ಒಬ್ಬಳೇ ಮಲಗಿದ್ದೀನಿ ಕಣೆ. ಆಗ ಊರೂರು ಸುತ್ತುತ್ತಿದ್ದರು, ಸರಿ. ಈಗ ಮನೇಲೇ ಇದ್ದಾರೆ. ಆದ್ರೂ ರೂಮಲ್ಲಿ ನಾನು, ಹಾಲ್‌ನ ಕುರ್ಚೀಲಿ ಅವರು."

ತಾತ ಪ್ರಯತ್ನ ಪಡಲಿಲ್ಲ ಎಂದಲ್ಲ. ಮಂಚಕ್ಕೆ ತಲೆಕಡೆ ಹಲಗೆಯೇ ಇರಲಿಲ್ಲ. ಗೋಡೆಗೆ ಒರಗಿದರೆ ತಣ್ಣಗೆ ಕೊರೆಯುತ್ತೆ, ದಿಂಬು ಜಾರುತ್ತೆ. ಮತ್ತೆ ಕುರ್ಚಿಗೇ ವಾಪಸ್. ಒರಗೋಕೆ ಒಂದು ಒಳ್ಳೆಯ ಹಲಗೆ ತರೋಣ ಎಂದು ಅಜ್ಜಿ ಹಟ ಹಿಡಿದರು. "ನೀನೂ ಬಾ. ಹೊಲಿಗೆ ಕೆಲಸದವಳು, ಬಟ್ಟೆಯ ಗುಣ ತಿಳಿಯುತ್ತೆ."

ಮಗಳನ್ನೂ ಕರೆದುಕೊಂಡು ಪೀಠೋಪಕರಣದ ಅಂಗಡಿಗೆ ಹೋದೆವು. ಅಜ್ಜಿಯ ಕಣ್ಣು ನೆಟ್ಟಿದ್ದು ಒಂದು ಮರದ ಹೆಡ್‌ಬೋರ್ಡಿನ ಮೇಲೆ. ಮೈತುಂಬ ಬಳ್ಳಿ, ಹೂವು ಕೆತ್ತಿದ್ದರು. ಒಂದೊಂದೇ ಎಸಳನ್ನು ಬೆರಳಿನಿಂದ ಸವರುತ್ತಾ ನಿಂತುಬಿಟ್ಟರು.

ತಾತ ಒರಗಿ ನೋಡಿದರು. "ಹೂವೇನೋ ಚೆನ್ನಾಗಿದೆ. ಬೆನ್ನಿಗೆ ಚುಚ್ಚುತ್ತೆ."

ಬೆತ್ತದ್ದು ತೋರಿಸಿದರೆ, "ಇದು ಕೋಳಿಗೂಡು." ಕೆಂಪು ಮಖಮಲ್ಲಿನದು ತೋರಿಸಿದರೆ, "ಇದಕ್ಕೆ ಒರಗಿದ್ರೆ ಭಾಷಣ ಮಾಡ್ಬೇಕು ಅನ್ಸುತ್ತೆ, ನಿದ್ದೆಯಲ್ಲ."

"ನಿಮಗೆ ಹಲಗೆ ಬೇಕೋ, ತಕರಾರು ಬೇಕೋ?" ಎಂದು ಅಜ್ಜಿ ಸಿಡುಕಿ, ಮತ್ತೆ ಹೂವಿನದರ ಹತ್ತಿರ ಹೋದರು.

ಸ್ವಲ್ಪ ಹೊತ್ತಿಗೆ ಅಂಗಡಿಯ ಮೂಲೆಯಿಂದ ಗೊರಕೆ ಕೇಳಿಸಿತು. ಯಾರೋ ಮಾಡಿಸಿ ಬೇಡವೆಂದು ಬಿಟ್ಟುಹೋದ ಕಂದು ರೆಕ್ಸಿನ್ನಿನ ಹಲಗೆ ಅಲ್ಲಿತ್ತು, ದಪ್ಪ ಸ್ಪಂಜು ತುಂಬಿದ್ದು. ಅದಕ್ಕೆ ಒರಗಿ, ಹೊಟ್ಟೆಯ ಮೇಲೆ ಕೈಕಟ್ಟಿಕೊಂಡು, ತಾತ ಗಾಢ ನಿದ್ದೆಯಲ್ಲಿದ್ದರು. ಗಿರಾಕಿಗಳು ಸುತ್ತ ನೆರೆದರು. ನನ್ನ ಮಗಳು ಬಾಯಿಗೆ ಬೆರಳಿಟ್ಟು ಎಲ್ಲರಿಗೂ "ಶ್" ಎಂದಳು.

ಅಜ್ಜಿ ತಾತನನ್ನು ನೋಡಿದರು. ಹೂವಿನ ಹಲಗೆಯನ್ನು ಇನ್ನೊಂದು ಸಲ ನೋಡಿದರು.

"ಅದನ್ನೇ ಕೊಡಪ್ಪ, ಅವರು ಒರಗಿರೋದನ್ನ."

"ಹೂವಿನದು ಬೇಡ್ವಾ ಅಮ್ಮ?" ಎಂದ ಅಂಗಡಿಯವನು.

"ಹೂವಿನ ಜೊತೆ ಸಂಸಾರ ಮಾಡೋಕಾಗುತ್ತೇನಪ್ಪ?"

"ಥೇಟ್ ಲಾರಿ ಸೀಟಿನ ಹಾಗಿದೆಯಲ್ಲ ಅಜ್ಜಿ," ಎಂದು ನಾನು ಪಿಸುಗುಟ್ಟಿದೆ.

"ನನ್ನ ಸವತಿಯೇ ಕಣೆ ಅವಳು. ಇರ್ಲಿ, ಮನೇಗೇ ಬರ್ಲಿ. ಕಣ್ಣೆದುರಿಗಿರ್ತಾಳೆ."

ನಿನ್ನೆ ಹಲಗೆ ಕೂರಿಸಿದರು. ಕೆಲಸದವರು ಮಂಚವನ್ನು ಗೋಡೆಯ ಕಡೆಗೆ ತಳ್ಳುವಾಗ ತಾತ ಒಂದು ಕಡೆ, ಮಗಳು ಇನ್ನೊಂದು ಕಡೆ ನಿಂತು, "ಬರ್ಲಿ, ಬರ್ಲಿ... ಸಾಕು."

ಇವತ್ತು ಅಜ್ಜಿ ಬಾಗಿಲು ತೆರೆದದ್ದೇ ತಡವಾಗಿ. "ಆ ಗೊರಕೆಗೆ ಕಣ್ಣು ಮುಚ್ಚೋಕಾಗ್ಲಿಲ್ಲ ಕಣೆ," ಎಂದು ದೂರಿದರು. ಮುಖ ನೋಡಿದರೆ ಹಬ್ಬ.

ಮಧ್ಯಾಹ್ನ ಅಜ್ಜಿ ತರಕಾರಿಗೆ ಹೋದ ಸಮಯ ನೋಡಿಕೊಂಡು ತಾತ ನಮ್ಮ ಮನೆಗೆ ಬಂದರು. ಮೆಲ್ಲಗೆ ಬಾಗಿಲು ಸರಿಸಿ, ಹೊಲಿಗೆ ಮಷೀನಿನ ಪಕ್ಕ ನಿಂತರು.

"ಅಂಗಡೀಲಿ ಅವಳು ಆ ಹೂವುಗಳನ್ನ ಸವರ್ತಾ ಇದ್ದಿದ್ದು ನೋಡಿದೆ."

"ನೀವು ನಿದ್ದೆ ಹೊಡೀತಾ ಇದ್ರಲ್ಲ ತಾತ?"

"ಅದಕ್ಕೂ ಮುಂಚೇನೇ. ಡ್ರೈವರ್ ಕಣಮ್ಮ ನಾನು, ಪಕ್ಕದ ಕನ್ನಡಿ ನೋಡದೆ ಇರ್ತೀನಾ?" ಸ್ವಲ್ಪ ಹೊತ್ತು ನನ್ನ ಅಳತೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಆ ಹಲಗೆಗೆ ಒಂದು ಗವಸು ಹೊಲಿದುಕೊಡ್ತೀಯಾ ತಾಯಿ? ಮಗು ಫ್ರಾಕಿನ ಮೇಲೆ ಕಸೂತಿ ಹಾಕಿದ್ದೀಯಲ್ಲ, ಅಂಥ ಹೂವು, ಬಳ್ಳಿ. ಅವಳ ಕಡೆ ಅರ್ಧಕ್ಕೆ ಮಾತ್ರ. ನನ್ನ ಕಡೆ ಹಾಗೇ ಇರ್ಲಿ, ಚುಚ್ಚುತ್ತೆ."