ಇಪ್ಪತ್ತು ಬೈ ಮೂವತ್ತರಲ್ಲಿ ರೊಟ್ಟಿ ಒಲೆ

ನಕ್ಷೆಯ ಮೇಲೆ ನಾನು ಬಿಡಿಸಿದ ಮಂಚಗಳಲ್ಲಿ ನಾನೇ ಒಂದು ರಾತ್ರಿ ಮಲಗಬೇಕಾಗಿ ಬಂದಿದ್ದರೆ, ಈ ಕಸುಬನ್ನು ಎಂದೋ ಬಿಡುತ್ತಿದ್ದೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಕೂತು ಮನೆಗಳ ನಕ್ಷೆ ಹಾಕಿಕೊಡುವವನು ನಾನು. ದೊಡ್ಡ ಬಂಗಲೆಯದು ಸುಲಭ. ತಪ್ಪಾದರೂ ಬಚ್ಚಿಡಲು ಜಾಗವಿರುತ್ತದೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಸೈಟಿನಲ್ಲಿ ತಪ್ಪಿದರೆ ಅದು ನೇರ ಯಾರದೋ ಮೊಣಕಾಲಿಗೆ ಬಡಿಯುತ್ತದೆ.

ಕಮಲಾಪುರದ ಅಂಚಿನಲ್ಲಿ ಅಂಥ ಇಪ್ಪತ್ತು ಸೈಟುಗಳ ಬಡಾವಣೆಯೊಂದರ ಕೆಲಸ ನನಗೆ ಬಂತು. ಕಡಿಮೆ ಖರ್ಚಿನ ಮನೆಗಳು, ಎಲ್ಲಕ್ಕೂ ಒಂದೇ ನಮೂನೆ. ಆ ಅಂಗೈಯಗಲದ ಜಾಗದಲ್ಲಿ ಪಡಸಾಲೆ, ಎರಡು ಕೋಣೆ, ಅಡುಗೆಮನೆ, ಬಚ್ಚಲು, ಸಾಲದ್ದಕ್ಕೆ ‘ಡೈನಿಂಗ್’ ಎಂದು ಬರೆದ ಒಂದು ಮೂಲೆ, ಎಲ್ಲವನ್ನೂ ತುರುಕಿ ನನ್ನ ಜಾಣತನಕ್ಕೆ ನಾನೇ ತಲೆದೂಗಿದ್ದೆ.

ಮೊದಲ ಮನೆ ಶರಣಮ್ಮನದು. ಗಂಡ ಕಪನೂರಿನ ಬೇಳೆ ಮಿಲ್ಲಿನಲ್ಲಿ ಕೆಲಸಗಾರ. ಆಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದಳು:

“ಸರ, ಇದರಾಗ ನಾ ಎಲ್ಲಿ ಕೂಡ್ಲಿ?”

“ಅಡಿಗಿಮನಿ ಅದಲ್ಲವಾ. ಕಟ್ಟಿ ಮುಂದ ನಿಂತು ಮಾಡ್ರಿ.”

“ನಿಂತು ರೊಟ್ಟಿ ಬಡ್ಯಾಕ ಬರ್ತದೇನ್ರಿ? ನಮ್ಮ ಹೊಟ್ಟಿ ನಡೆಯೂದ ಅದರ ಮ್ಯಾಲ. ಒಲಿಗಿ ಜಾಗ ಇಲ್ಲಂದ್ರ ನಾವು ಬಾಡಗಿ ಮನ್ಯಾಗ ಇರ್ತೀವ್ರಿ, ಈ ಸೈಟ್ ಬ್ಯಾರೆದವ್ರಿಗಿ ಕೊಟ್ಟುಬಿಡ್ರಿ.”

ಮರುದಿನ ಪಾಯ ಅಗೆಯುವುದಿತ್ತು. ಸಮಾಧಾನ ಹೇಳಿ ಒಪ್ಪಿಸೋಣವೆಂದು ಬೆಳಿಗ್ಗೆಯೇ ಕಮಲಾಪುರಕ್ಕೆ ಹೋದೆ. ನಾನು ಮುಟ್ಟುವಷ್ಟರಲ್ಲಿ ಆಕೆ ನನ್ನ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ಸೈಟಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಎಳೆದು, ಗಂಡ ಮತ್ತು ಅತ್ತೆಯನ್ನು ಒಳಗೆ ಕರೆದುಕೊಂಡು ಸಂಸಾರವನ್ನೇ ಹೂಡಿದ್ದಳು.

ಗಂಡ ಕೋಣೆಯಲ್ಲಿ ಅಂಗಾತ ಮಲಗಿದ್ದ. ಅವನ ಪಾದಗಳು ಅಡುಗೆಮನೆಯಲ್ಲಿದ್ದವು.

“ನನ್ನ ಮಗಾ ಗ್ವಾಡಿ ದಾಟ್ಯಾನ ನೋಡ್ರಿ!” ಎಂದು ಬಚ್ಚಲಲ್ಲಿ ಅಡ್ಡಡ್ಡ ನಿಂತಿದ್ದ ಅತ್ತೆ ಕೂಗಿದಳು. ಪಾಯ ಅಗೆಯಲು ಬಂದಿದ್ದ ಗೌಂಡಿ ಪುಟ್ಟಿ ಕೆಳಗಿಟ್ಟು ನಕ್ಕ. ಶರಣಮ್ಮ ಮಾತ್ರ ನಗಲಿಲ್ಲ. ಅಡುಗೆಮನೆಯ ಗೆರೆಗಳ ನಡುವೆ ಕಾಲು ಚಾಚಿ ಕೂತು, ಬರಿಗೈಯಲ್ಲಿ ರೊಟ್ಟಿ ಬಡಿದು ತೋರಿಸಿದಳು. ಪ್ರತಿ ಸಲ ಮೊಣಕೈ ನನ್ನ ಗೋಡೆಯಿಂದಾಚೆ ಹೋಗುತ್ತಿತ್ತು.

ಹಿಂದೆ ಮನೆ ಕಟ್ಟುವಾಗ ಯಜಮಾನನ ಮೊಳವನ್ನೇ ಅಳತೆಗೋಲು ಮಾಡಿಕೊಳ್ಳುತ್ತಿದ್ದರಂತೆ. ನಾವು ಸುಧಾರಿಸಿದವರು, ಫೂಟಿನಲ್ಲಿ ಅಳೆಯುತ್ತೇವೆ. ಯಾವ ದೇಶದ ಯಾರ ಪಾದವೋ ಏನೋ, ಆತನಂತೂ ಶರಣಮ್ಮನ ಮನೆಯಲ್ಲಿ ಇರಲು ಬರುವವನಲ್ಲ. ಮೊಳದ ಕಾಲದವರೂ ರೊಟ್ಟಿ ಬಡಿಯುವ ಯಜಮಾನಿಯ ಮೊಳ ಹಿಡಿಯುತ್ತಿದ್ದರೇ ಎಂಬುದು ನನಗೆ ಅನುಮಾನವೇ.

ಬಡಾವಣೆಯ ಮಾಲೀಕರಿಗೆ ಫೋನು ಮಾಡಿದೆ. ಅವರು ರೇಗಿದರು: “ಈಗ ನಕ್ಷಿ ಬದಲ್ ಮಾಡ್ತೀರೇನು? ಮೊದಲ ಯಾಕ ನೋಡ್ಲಿಲ್ಲ?”

“ತಪ್ಪು ನಂದದರಿ,” ಎಂದೆ. ತಲೆ ಬೋಳಾಗುವಷ್ಟು ವರ್ಷ ಈ ಕಸುಬು ಮಾಡಿದವನಿಗೆ ಆ ಎರಡು ಪದ ಸುಲಭವಲ್ಲ. ಗೌಂಡಿ ಬೇರೆ ಕೇಳಿಸಿಕೊಳ್ಳುತ್ತಿದ್ದ.

ಡೈನಿಂಗ್ ಅಳಿಸಿದೆ. ಬಚ್ಚಲು, ಅಡುಗೆಮನೆಗಳನ್ನು ಒಂದೇ ಗೋಡೆಗೆ ಆನಿಸಿ ನೀರಿನ ಪೈಪು ಉಳಿಸಿದೆ. ಎರಡನೆಯ ಕೋಣೆಯನ್ನು ಮುಂದೆಂದಾದರೂ ಮೇಲೆ ಕಟ್ಟಿಕೊಳ್ಳಲಿ ಎಂದು ಮೆಟ್ಟಿಲಿಗೆ ಜಾಗ ಬಿಟ್ಟೆ. ಹಿತ್ತಿಲ ಕಡೆ, ಹೊಗೆ ಮೇಲೆ ಹೋಗುವ ಹಾಗೆ, ಕೂತು ಬಡಿಯುವ ಒಲೆಗೆ ಶರಣಮ್ಮನ ಎರಡೂ ಮೊಣಕೈಗಳ ಅಗಲ ಕೊಟ್ಟೆ. ಆಕೆ ಹೊಸ ಗೆರೆಗಳೊಳಗೆ ಕೂತು ಒಂದು ಸಲ ಕೈಯಾಡಿಸಿ, “ಈಗ ಅಗೀರಿ,” ಎಂದು ಗೌಂಡಿಗೆ ಹೇಳಿದಳು.

ಗೃಹಪ್ರವೇಶದ ದಿನ ಬಂದವರಿಗೆಲ್ಲ ಬಿಸಿ ರೊಟ್ಟಿ, ಪುಂಡಿಪಲ್ಲೆ. ನಾನು ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಪಕ್ಕದ ಸೈಟು ಕೊಂಡ ಹಿರಿಯ ಹೆಂಗಸೊಬ್ಬರು ಬಂದು ಕೂತರು. ಮೋಮಿನಪುರದಲ್ಲಿ ಬಟ್ಟೆ ಹೊಲಿಯುವವರು; ಎಲ್ಲರೂ ಅವರನ್ನು ಖಾಲಾ ಎನ್ನುತ್ತಿದ್ದರು.

“ಇಂಜಿನಿಯರ್ ಸಾಬ್, ನಮ್ಮ ಮನಿ ಯಾವಾಗ ಬರೀತೀರಿ?”

“ಬರದದ್ದು ತಯಾರೇ ಅದ ಖಾಲಾ. ಇದೇ ನಮೂನಿ.” ನಾನು ಉತ್ಸಾಹದಿಂದ ಚೀಲಕ್ಕೆ ಕೈ ಹಾಕಿದೆ.

ಖಾಲಾ ನನ್ನ ಕೈಯನ್ನು ಮೆತ್ತಗೆ ತಡೆದರು. “ಅದು ಅಲ್ಲೇ ಇರ್ಲಿ ಬೇಟಾ. ನಾಳೆ ನಮ್ಮ ಕಡೆ ಚಾ ಕುಡ್ಯಾಕ ಬಾ. ಬರುವಾಗ ಖಾಲಿ ಕಾಗದ ತಗೊಂಡ ಬಾ.”