ಏಳು ಒಂದುಗಳು

ಬಸ್ಸು ಬಂದರೆ ಎಲ್ಲರೂ ಬೋರ್ಡು ನೋಡುತ್ತಾರೆ. ನಮ್ಮ ತಿಮ್ಮಪ್ಪ ಮೇಷ್ಟ್ರು ನಂಬರ್ ಪ್ಲೇಟು ನೋಡುತ್ತಿದ್ದರು. "ಹದಿನೇಳರಲ್ಲಿ ಒಡೀತದೆ ಕಣೋ ಇದು!" ಎಂದು ಅವರು ಹಿಗ್ಗುವಷ್ಟರಲ್ಲಿ ಕಣಕಟ್ಟೆ ಬಸ್ಸು ಹೊರಟೇ ಹೋಗಿರುತ್ತಿತ್ತು.

ಬಾಣಾವರದ ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದವರು ಅವರು. ಒಂದನ್ನು ಏಳು ಸಲ ಸಾಲಾಗಿ ಬರೆದರೆ ಬರುವ ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದರ ಮೇಲೆ ಅವರಿಗೆ ವಿಪರೀತ ಮುದ್ದು. "ಇದು ಅವಿಭಾಜ್ಯ ಕಣ್ರೋ. ಯಾರಿಗೂ ಬಗ್ಗಾಕಿಲ್ಲ" ಎಂದು ಪ್ರತಿ ವರ್ಷದ ಮಕ್ಕಳಿಗೂ ಹೇಳುತ್ತಿದ್ದರು. ಅವರು ನಿವೃತ್ತರಾಗಿ, ನಾನು ಬೇಲೂರಿನಲ್ಲಿ ಲೆಕ್ಕದ ಮೇಷ್ಟ್ರಾದ ಮೇಲೆ, "ಒಂದು ಸಲ ನೋಡೇಬಿಡೋಣ ಸಾರ್" ಎಂದೆ.

"ಮೊಬೈಲ್ ಮುಟ್ಟಂಗಿಲ್ಲ" ಎಂದು ಕರಾರು ಹಾಕಿದರು. ಪ್ರತಿ ಭಾನುವಾರ ಅವರ ಮನೆಯ ಜಗಲಿಯಲ್ಲಿ ಇಬ್ಬರಿಗೂ ಒಂದೇ ಸ್ಲೇಟು. ಏಳರಿಂದ ಅವರು ಭಾಗಿಸಿದರೆ ಹನ್ನೊಂದರಿಂದ ನಾನು, ಹದಿಮೂರರಿಂದ ಮತ್ತೆ ಅವರು. ಶೇಷ ಹೇಳಿ ಒರೆಸಿಬಿಡುವುದು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡಿ ನೋಡುವಂತಿಲ್ಲ. "ನಂಬಿಕೆ ಇಲ್ದಿದ್ರೆ ಜೊತೇಲಿ ಯಾಕ್ಲಾ ಕೂರ್ಬೇಕು?"

ಸಾವಿರದ ಐವತ್ತೊಂದು ಮುಗಿದರೆ ಮುಂದೆ ನೋಡಬೇಕಾಗಿಲ್ಲ; ಅದಕ್ಕಿಂತ ದೊಡ್ಡದರಿಂದ ಹೋಗುವುದಾದರೆ ಅದರ ಜೊತೆಯ ಚಿಕ್ಕದು ಮೊದಲೇ ಸಿಕ್ಕಿರುತ್ತದೆ. ಅದು ಮುಗಿದ ದಿನ ಇಬ್ಬರೂ ಮಾಲೇಕಲ್ಲು ಬೆಟ್ಟ ಹತ್ತಿ, ಅಲ್ಲಿನ ದೇವರು ತಿಮ್ಮಪ್ಪನಿಗೆ ಹಣ್ಣುಕಾಯಿ ಮಾಡಿಸಿದೆವು. ಮೇಷ್ಟ್ರು ಇಳಿಯುವಾಗ ಮಾತೇ ಆಡಲಿಲ್ಲ. ಮಂಡಿನೋವು ಅಂದುಕೊಂಡೆ.

ಮರುವಾರ ನನ್ನ ತರಗತಿಯಲ್ಲಿ ಏಳು ಒಂದು ಬರೆದು, ಮೇಷ್ಟ್ರನ್ನು ಕೊಂಡಾಡಿದ್ದೇ ಕೊಂಡಾಡಿದ್ದು. ಮಾರನೆಯ ದಿನ ಸುಮಾ ಎಂಬ ಹುಡುಗಿ ಎದ್ದಳು.

"ಸಾರ್, ಇನ್ನೂರ ಮೂವತ್ತೊಂಬತ್ತರಿಂದ ಹೋಗುತ್ತೆ."

"ಕೂತ್ಕೋಮ್ಮ. ಅದನ್ನ ನಮ್ಮ ಮೇಷ್ಟ್ರು ನೋಡಿದಾರೆ."

"ನೀವು ನೋಡಿದೀರಾ ಸಾರ್?"

ಬೋರ್ಡಿನ ಮೇಲೆ ಭಾಗಿಸಿದೆ. ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು ಸಲ ಹೋಗಿ, ಸೊನ್ನೆ ಉಳಿಯಿತು. ಹಿಂದಿನ ಬೆಂಚು ಕಿಸಕ್ಕೆಂದಿತು. ಆ ಸಂಖ್ಯೆ ಬಂದ ಭಾನುವಾರ ಮೇಷ್ಟ್ರು ಸ್ಲೇಟನ್ನು ಎದೆಗಾನಿಸಿಕೊಂಡು, "ಎಪ್ಪತ್ತೊಂದು ಉಳೀತು, ನಡಿ ಮುಂದಕ್ಕೆ" ಎಂದದ್ದು ನೆನಪಾಯಿತು.

ಭಾನುವಾರ ಹೋಗಿ, ಕೂರುವ ಮುಂಚೆಯೇ ಸ್ಲೇಟಿನ ಮೇಲೆ ೨೩೯ ಎಂದು ಬರೆದೆ. 

"ಆವತ್ತೇ ಗೊತ್ತಾಗಿತ್ತಾ ಸಾರ್?"

"ಹ್ಞೂಂ."

"ಮತ್ತೆ ಸಾವಿರದವರೆಗೂ ನನ್ನ ಕೈಲಿ ಭಾಗಿಸಿದ್ರಲ್ಲ!"

"ಸರ್ವೀಸು ಪೂರ್ತಿ ಹೇಳ್ಕಂಡು ಬಂದಿದ್ದು ಕಣೋ. ಬೇರೆ ಯಾರಾದ್ರೂ ಕೂತಿದ್ರೆ ಒಪ್ಕಂಡುಬಿಡ್ತಿದ್ದೆ. ಎದುರಿಗಿದ್ದೋನು ನೀನು."

ಸ್ಲೇಟು ಒರೆಸಿ, ಹನ್ನೊಂದು ಒಂದುಗಳನ್ನು ಬರೆದರು. "ಇದನ್ನ ಹಿಡಿಯಾಣ. ಏಳು ನಂದು." ಭಾಗಿಸಿ, "ಎರಡು ಉಳೀತು" ಎಂದು ಒರೆಸಿ ನನ್ನ ಕೈಗೆ ಕೊಟ್ಟರು.

ನಾನು ಬಳಪ ಹಿಡಿದು ಮತ್ತೆ ಏಳರಿಂದಲೇ ಭಾಗಿಸತೊಡಗಿದೆ. ಮೇಷ್ಟ್ರು ಕೊನೆಯ ಅಂಕಿಯವರೆಗೂ ನನ್ನ ಕೈಯನ್ನೇ ನೋಡುತ್ತಿದ್ದರು.

"ಎರಡೇ ಅಲ್ವಾ?"

"ಎರಡೇ ಸಾರ್."

ಸ್ಲೇಟನ್ನು ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಂಡಿನವರೆಗೂ ಬಂದರು. ಬಸ್ಸು ಬಂತು. ನಂಬರ್ ಪ್ಲೇಟಿನ ಕಡೆ ಅವರು ಕಣ್ಣೇ ಹಾಕಲಿಲ್ಲ.

"ಹಳೇಬೀಡು ಬೋರ್ಡೈತೆ. ಹತ್ತು" ಎಂದರು. ಆಮೇಲಿನ ಭಾನುವಾರಗಳಿಗೆ ಅವರು ಕರೆಯಲಿಲ್ಲ, ನಾನೂ ಹೋಗಲಿಲ್ಲ; ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.