ಅಕ್ಕನ ಕಾರಿಗೆ ಹಾಕಿದ ಎಣ್ಣೆ

ಕಳೆದ ತಿಂಗಳು ಒಬ್ಬರು ಡಾಕ್ಟರು ತಮ್ಮ ಹೊಸ ಕಾರನ್ನು ನಮ್ಮ ವರ್ಕ್‌ಶಾಪಿಗೆ ತಂದಿದ್ದರು. ನೆಲಕ್ಕೆ ತಾಗುವಷ್ಟು ತಗ್ಗಿನ, ನಿಂತಲ್ಲೇ ಗುರುಗುಡುವ ಜಾತಿಯ ಕಾರು. ಎಂಜಿನ್ ಎಣ್ಣೆ ಬದಲಿಸುವ ಕೆಲಸ. ಮಗ ಸಿಂಥೆಟಿಕ್ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದಾಗ ನಾನು ಹಳೆಯ ಅಭ್ಯಾಸದಂತೆ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ, ಮೂಗಿನ ಹತ್ತಿರ ಹಿಡಿದೆ. ಹಿಂದಿನ ಕಾಲದ ಎಣ್ಣೆಗೆ ಡಾಂಬರನ್ನು ನೆನಪಿಸುವ ಒಂದು ಭಾರವಾದ ವಾಸನೆ ಇರುತ್ತಿತ್ತು. ಇದಕ್ಕೆ ಅದಿಲ್ಲ. ತೆಳ್ಳಗೆ, ಆಗಷ್ಟೇ ಆರಿಸಿದ ಮೇಣದ ಬತ್ತಿಯ ಹಾಗೆ... ಈ ವಾಸನೆಯನ್ನು ನಾನು ಮೊದಲ ಸಲ ಮೂಸಿದ ದಿನ ಎದುರಿಗೆ ನಿಂತಿದ್ದವಳು ನನ್ನ ಅಕ್ಕ.

ಡಾಕ್ಟರು ಸಂಶಯದಲ್ಲಿ ಕೇಳಿದರು, "ಇದು ನೀರಿನ ಹಾಗೆ ಉಂಟಲ್ಲ, ಇಂಥ ಕಾರಿಗೆ ಸಾಕಾ?"

ಸಾಕು ಎಂದೆ. ಡಬ್ಬಿಯ ಮೇಲಿನ ಡಬ್ಲ್ಯೂ ಅಕ್ಷರದ ಮೊದಲು ಇರುವ ಅಂಕಿ ಚಳಿಯದ್ದು, ನಂತರದ್ದು ಸೆಕೆಯದ್ದು. ಮೊದಲನೆಯದು ಚಿಕ್ಕದಾದಷ್ಟೂ ತಣ್ಣಗಿನ ಎಂಜಿನಿನಲ್ಲಿ ಎಣ್ಣೆ ಬೇಗ ಓಡುತ್ತದೆ. ವೇಗದ ಎಂಜಿನುಗಳ ಒಳಗಿನ ಸಂದು ಬಹಳ ಸಣ್ಣದು. ಅಲ್ಲಿಗೆ ತಲುಪದ ಎಣ್ಣೆ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಮಂಗಳೂರಿನಲ್ಲಿ ಸೆಕೆ ಜಾಸ್ತಿ ಎಂದು ಯಾರಾದರೂ ದಪ್ಪ ಎಣ್ಣೆ ಹಾಕಿಸಲು ಹೇಳಿದರೆ ಕೇಳಬೇಡಿ, ಎಂಜಿನ್ ಮಾಡಿದವರು ಹೇಳಿದ್ದನ್ನು ಕೇಳಿ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ, ಆದರೆ ಎಣ್ಣೆಯ ವಿಷಯದಲ್ಲಿ ನನಗೆ ಯಾರ ಭಯವೂ ಇಲ್ಲ. ಆಗಲೂ ಇರಲಿಲ್ಲ. ಅದೇ ತೊಂದರೆಯಾಯಿತು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಎಪ್ಪತ್ತರ ದಶಕದಲ್ಲಿ, ಕಾವೂರಿನ ನಮ್ಮ ಮನೆಯಲ್ಲಿದ್ದ ಅಪ್ಪನ ಜೀಪಿನಲ್ಲಿ ನಾವಿಬ್ಬರೂ ಒಟ್ಟಿಗೇ ಡ್ರೈವಿಂಗ್ ಕಲಿತೆವು. ಕೆರೆಯ ಬದಿಯ ಮಣ್ಣುದಾರಿಯಲ್ಲಿ ನಾನು ಜೀಪನ್ನು ಎರಡು ಸಲ ಗದ್ದೆಗೆ ಇಳಿಸಿದ್ದೇನೆ. ಅವಳು ಒಂದು ಸಲವೂ ಇಳಿಸಲಿಲ್ಲ. ನನಗೆ ಎಂಜಿನ್ ಬಿಚ್ಚುವ ಹುಚ್ಚು, ಅವಳಿಗೆ ಓಡಿಸುವ ಹುಚ್ಚು. ಶಾಲೆ ಬಿಟ್ಟು ನಾನು ಮೆಕ್ಯಾನಿಕ್ ಆದೆ, ಪಂಪ್‌ವೆಲ್‌ನಲ್ಲಿ ಒಂದು ಶೆಡ್ ಹಾಕಿಕೊಂಡೆ. ಅವಳು ಕಾಲೇಜು ಮುಗಿಸಿ ಮದುವೆಯಾಗಿ ಕೊಡಿಯಾಲ್‌ಬೈಲ್‌ಗೆ ಹೋದಳು. ಭಾವ ದುಬಾಯಿಯಲ್ಲಿ ಕೆಲಸದಲ್ಲಿದ್ದರು. ಒಬ್ಬಳು ಮಗಳು. ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಅಕ್ಕ ಕಾರನ್ನು ತಿರುವಿನಲ್ಲಿ ತಿರುಗಿಸುವ ರೀತಿ ನೋಡಿ ರಿಕ್ಷಾದವರು ತಮ್ಮ ಗಾಡಿಯನ್ನು ಬದಿಗೆ ತೆಗೆದುಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಮೊದಲ ಭಾಗದಲ್ಲಿ ನಮ್ಮ ಕಡೆಯೂ ಕಾರ್ ರ್‍ಯಾಲಿ, ಮೈದಾನದ ರೇಸು ಎಲ್ಲ ಶುರುವಾಯಿತು. ಅಕ್ಕ ಒಂದು ಹಳೆಯ ಕಾರು ಕೊಂಡಳು. ಊರಿನ ಟ್ಯಾಕ್ಸಿಗಳದ್ದೇ ಜಾತಿಯ ಸಣ್ಣ ಕಾರು. ಅದರ ಎಂಜಿನನ್ನು ಇಳಿಸಿ, ತೂಕ ನೋಡಿ ಪಿಸ್ಟನ್ ಜೋಡಿಸಿ, ಬೇರಿಂಗಿನ ಸಂದುಗಳನ್ನು ಸಣ್ಣದು ಮಾಡಿ, ಎರಡು ಕಾರ್ಬ್ಯುರೇಟರ್ ಕೂರಿಸಿ ಕಟ್ಟಿದವನು ನಾನು. ಚೆನ್ನಾಗಿ ಕಟ್ಟಿದ್ದೆ. ಈಗಲೂ ಹೇಳುತ್ತೇನೆ, ಆ ಕಾಲದಲ್ಲಿ ಈ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಎಂಜಿನ್ ಇರಲಿಲ್ಲ. ಮೈದಾನದ ರೇಸುಗಳಲ್ಲಿ ಅಕ್ಕ ಗಂಡಸರನ್ನು ಹಿಂದೆ ಹಾಕತೊಡಗಿದಳು. ಸೋತವರು ಕಾರಿನ ಬಾನೆಟ್ ಎತ್ತಿ ನೋಡಿ, "ಕಾರು ಒಳ್ಳೆಯದುಂಟು" ಎನ್ನುತ್ತಿದ್ದರು. ಅಕ್ಕ ನನ್ನ ಕಡೆ ನೋಡಿ, "ಕೇಳಿದೆಯಾ, ಕಾರು ತನ್ನಷ್ಟಕ್ಕೇ ಓಡಿತಂತೆ" ಎಂದು ನಗುತ್ತಿದ್ದಳು.

ಒಂದು ಡಿಸೆಂಬರಿನಲ್ಲಿ ಘಟ್ಟದ ಮೇಲೆ, ಕಾಫಿ ತೋಟಗಳ ನಡುವಿನ ಗುಡ್ಡದ ರಸ್ತೆಯಲ್ಲಿ ಏರುವ ರೇಸು ಇತ್ತು. ಒಂದೊಂದೇ ಕಾರು ಹತ್ತಬೇಕು, ಕಡಿಮೆ ಸಮಯದಲ್ಲಿ ಹತ್ತಿದವರು ಗೆದ್ದ ಹಾಗೆ. ಬೆಂಗಳೂರಿನ ಒಂದು ರೇಸಿಂಗ್ ತಂಡದ ಮ್ಯಾನೇಜರರು ಅಕ್ಕನನ್ನು ನೋಡಲಿಕ್ಕೆಂದೇ ಬರುವವರಿದ್ದರು. ಚೆನ್ನಾಗಿ ಓಡಿಸಿದರೆ ತಂಡಕ್ಕೆ ತೆಗೆದುಕೊಳ್ಳುತ್ತಾರೆ, ಊರೂರಿನ ರ್‍ಯಾಲಿಗೆ ಕಳುಹಿಸುತ್ತಾರೆ. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ.

ಭಾವ ರಜೆಯಲ್ಲಿ ಬಂದವರು ಸಿಂಥೆಟಿಕ್ ಎಣ್ಣೆಯ ಡಬ್ಬಿ ತಂದಿದ್ದರು. ಅಕ್ಕ ಬರೆದು ತರಿಸಿದ್ದು. ಆಗ ಇಲ್ಲಿ ಅದನ್ನು ಕಂಡವರೇ ಇಲ್ಲ. ಶೆಡ್ಡಿನಲ್ಲಿ ಡಬ್ಬಿ ತೆರೆದು ನಾನು ಬೆರಳಿಗೆ ಹಚ್ಚಿ ನೋಡಿದೆ.

"ಇದು ಎಂತ ಅಕ್ಕ, ಎಣ್ಣೆಯಾ ನೀರಾ?"

"ಸಿಂಥೆಟಿಕ್ ಮಾರಾಯ. ಚಳಿಗೆ ಗಟ್ಟಿ ಆಗುವುದಿಲ್ಲ, ಸೆಕೆಗೆ ನೀರಾಗುವುದಿಲ್ಲ."

"ನೀರಾಗಲಿಕ್ಕೆ ಇನ್ನೆಂತ ಬಾಕಿ ಉಂಟು?"

"ನಿನಗೆ ಬೆರಳಿಗೆ ಅಂಟಿದರೆ ಮಾತ್ರ ಎಣ್ಣೆ. ಅಷ್ಟು ಸಣ್ಣ ಸಂದು ಇಟ್ಟು ಎಂಜಿನ್ ಕಟ್ಟಿದವನು ನೀನೇ ಅಲ್ವಾ? ಅದರೊಳಗೆ ನಿನ್ನ ದಪ್ಪ ಎಣ್ಣೆ ಹೇಗೆ ಹೋಗ್ತದೆ? ಘಟ್ಟದ ಮೇಲೆ ಬೆಳಿಗ್ಗೆ ತೆಂಗಿನೆಣ್ಣೆ ಬಾಟ್ಲಿಯಿಂದ ಬೀಳುವುದಿಲ್ಲ, ಗೊತ್ತುಂಟಾ?"

"ತೆಂಗಿನೆಣ್ಣೆ ಬೇರೆ, ಎಂಜಿನ್ ಎಣ್ಣೆ ಬೇರೆ."

"ಆಯ್ತು ಪಂಡಿತರೇ. ಇದನ್ನೇ ಹಾಕು."

ಹಾಕಿದೆ. ಎರಡು ದಿನ ಕಾರನ್ನು ಓಡಿಸಿ ನೋಡಿದೆವು. ಎಂಜಿನ್ ಹಗುರಾಗಿ ತಿರುಗುತ್ತಿತ್ತು, ಅದನ್ನು ನಾನೂ ಗಮನಿಸಿದೆ. ಆದರೆ ಮೂರನೆಯ ದಿನ ಬೆಳಿಗ್ಗೆ ಕಾರಿನ ಅಡಿ ಸಿಮೆಂಟಿನ ಮೇಲೆ ಎಣ್ಣೆಯ ಹನಿಗಳಿದ್ದವು. ಎಂಜಿನಿನ ಹಿಂದಿನ ರಬ್ಬರ್ ಸೀಲಿನಿಂದ ಸೋರುತ್ತಿತ್ತು. ಇವತ್ತಿನ ನಾನಾಗಿದ್ದರೆ ಸೀಲು ಬದಲಿಸುತ್ತಿದ್ದೆ. ಆಗ ನನಗೆ ಅನಿಸಿದ್ದು ಒಂದೇ: ಇದು ಎಂಜಿನಿನೊಳಗೆ ನಿಲ್ಲುವ ಎಣ್ಣೆಯಲ್ಲ. ನಮ್ಮ ಕರಾವಳಿಯ ಮೆಕ್ಯಾನಿಕರಿಗೆಲ್ಲ ಸೆಕೆಯದ್ದೇ ಹೆದರಿಕೆ. ಸೆಕೆಗೆ ಎಣ್ಣೆ ತೆಳ್ಳಗಾಗುತ್ತದೆ, ಆದ್ದರಿಂದ ದಪ್ಪದ್ದು ಹಾಕಬೇಕು, ರೇಸಿನ ಕಾರಿಗೆ ಇನ್ನೂ ದಪ್ಪದ್ದು. ಚಳಿಗೆ ಎಣ್ಣೆ ಏನಾಗುತ್ತದೆ ಎಂದು ನಾವು ಯೋಚಿಸಿದವರೇ ಅಲ್ಲ. ಯೋಚಿಸುವಂಥ ಚಳಿ ನಮ್ಮಲ್ಲಿ ಬೀಳುವುದಿಲ್ಲ. ಘಟ್ಟದ ಮೇಲೆ ಡಿಸೆಂಬರಿನ ಒಂದು ಮುಂಜಾನೆಯನ್ನೂ ನಾನು ಕಂಡಿರಲಿಲ್ಲ.

ಹೊರಡುವ ಮುನ್ನಾ ದಿನ ಸಂಜೆ, ಅಕ್ಕ ಬಟ್ಟೆ ತುಂಬಿಸಲು ಮನೆಗೆ ಹೋಗಿದ್ದಾಗ, ನಾನು ಆ ಎಣ್ಣೆಯನ್ನು ಇಳಿಸಿ, ನನ್ನಲ್ಲಿದ್ದ ಅತಿ ದಪ್ಪದ ಎಣ್ಣೆ ಹಾಕಿದೆ. ಅವಳ ಎಂಜಿನನ್ನು ಉಳಿಸುತ್ತಿದ್ದೇನೆ ಎಂದೇ ನಂಬಿದ್ದೆ. ಮರುದಿನ ಕಾರು ಹತ್ತುವಾಗ ಅವಳು, "ಸೋರುವುದು ನಿಂತಿತಾ?" ಎಂದಳು.

"ನಿಂತಿತು."

"ನನ್ನ ಎಣ್ಣೆಯೇ ಉಂಟಲ್ಲ?"

"ಮತ್ತೆಂತ, ಬೆಣ್ಣೆ ಹಾಕ್ಲಿಕ್ಕಾಗ್ತದಾ?" ಎಂದೆ. ಅವಳು ನಕ್ಕಳು.

ರೇಸಿನ ದಿನ ಬೆಳಿಗ್ಗೆ... ಆ ಚಳಿಯನ್ನು ನಾನು ಮರೆತಿಲ್ಲ. ಬಾಯಿಯಿಂದ ಹೊಗೆ ಬರುತ್ತಿತ್ತು, ಸ್ಪ್ಯಾನರ್ ಕೈಗೆ ಕಚ್ಚುತ್ತಿತ್ತು. ಅಕ್ಕ ಕೀ ತಿರುಗಿಸಿದಳು. ಎಂಜಿನ್ ಒಂದು ಸುತ್ತು ತಿರುಗಲು, ಕೆಸರಿನಿಂದ ಕಾಲೆತ್ತುವ ಕೋಣದ ಹಾಗೆ, ಒದ್ದಾಡಿತು.

"ಎಂತ ಮಾರಾಯ, ಇಷ್ಟು ಭಾರ ತಿರುಗ್ತದೆ?"

"ಬ್ಯಾಟರಿಗೆ ಚಳಿ" ಎಂದೆ. ಆದರೆ ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿದಿತ್ತು. ಸ್ಟಾರ್ಟ್ ಆದ ಎಂಜಿನಿನ ಮೇಲಿನ ಭಾಗದಿಂದ ಒಣಗಿದ ಟಕಟಕ ಸದ್ದು ಬರುತ್ತಿತ್ತು. ಎಣ್ಣೆ ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಓಡಿ ಎಂಜಿನ್ ಬಿಸಿಯಾಗಿದ್ದರೆ ಸರಿಯಾಗುತ್ತಿತ್ತು. ಅಷ್ಟರಲ್ಲಿ ನಮಗಿಂತ ಮೊದಲಿನ ಸರದಿಯ ಕಾರಿನವರು ಬರಲಿಲ್ಲವೆಂದು ಅಕ್ಕನ ನಂಬರನ್ನೇ ಕೂಗಿದರು. ನಾನು ಕಿಟಕಿಗೆ ಬಗ್ಗಿ, "ಅಕ್ಕ, ಈಗ ಹೋಗುವುದು ಬೇಡ, ನಾನು ಎಣ್ಣೆ ಬದಲಿಸಿದ್ದೇನೆ" ಎನ್ನಬೇಕಿತ್ತು. ಅಷ್ಟೇ ಮಾತು. ಸಂಘಟಕರನ್ನು ಕೇಳಿಕೊಂಡಿದ್ದರೆ ಸರದಿ ಹಿಂದೆ ಹಾಕುತ್ತಿದ್ದರು. ನಾನು ಕಿಟಕಿಗೆ ಬಗ್ಗಿದೆ ಕೂಡ. ಹೇಳಿದ್ದು, "ಬೆಲ್ಟ್ ಸರಿ ಉಂಟಾ?" ಎಂದು.

ಎಣ್ಣೆ ಬದಲಿಸಿದ್ದು ತಿಳಿಯದೆ ಮಾಡಿದ ತಪ್ಪು. ಇದು ತಿಳಿದು ಮಾಡಿದ್ದು.

ಅವಳು ಹೋದಳು. ಮೊದಲ ಮೂರು ತಿರುವುಗಳನ್ನು ಏರಿದ ಸದ್ದು ಕೆಳಗಿನವರೆಗೆ ಕೇಳಿತು, ಎಷ್ಟು ಚಂದದ ಸದ್ದು... ಆಮೇಲೆ ಒಂದು ಕಬ್ಬಿಣದ ಬಡಿತ. ಮತ್ತೆ ಏನೂ ಇಲ್ಲ.

ನಾವು ಹತ್ತಿ ಹೋದಾಗ ಕಾರು ರಸ್ತೆಯ ಬದಿಗೆ ನೀಟಾಗಿ ನಿಂತಿತ್ತು. ಬೇರಿಂಗ್ ಒಣಗಿ ಹಿಡಿದುಕೊಂಡಿತ್ತು. ಬೆಂಗಳೂರಿನ ಮ್ಯಾನೇಜರರು ಬಾನೆಟ್ ಒಳಗೆ ಇಣುಕಿ, ನನ್ನನ್ನು ಕೇಳಿದರು, "ಮೆಕ್ಯಾನಿಕ್ ನೀವೇ ತಾನೆ? ಏನಾಯ್ತು ಇದು?"

ಅಕ್ಕ ನನ್ನ ಪಕ್ಕದಲ್ಲೇ ಹೆಲ್ಮೆಟ್ ಹಿಡಿದು ನಿಂತಿದ್ದಳು.

ನಾನು ಹೇಳಿದೆ, "ಗೇರ್ ಬದಲಿಸುವಾಗ ತಪ್ಪಿರಬೇಕು ಸರ್. ಮೂರನೆಯದಕ್ಕೆ ಹಾಕುವಲ್ಲಿ ಮೊದಲನೆಯದಕ್ಕೆ ಬಿದ್ದಿರಬೇಕು. ಎಂಜಿನ್ ಮಿತಿ ಮೀರಿ ತಿರುಗಿದೆ."

ಅವರು ತಲೆಯಾಡಿಸಿದರು. ಹೆಂಗಸು ಓಡಿಸಿದ ಕಾರಿನ ಬಗ್ಗೆ ಅದು ಎಲ್ಲರಿಗೂ ಸುಲಭವಾಗಿ ನಂಬಬಹುದಾದ ಮಾತಾಗಿತ್ತು. ಅಕ್ಕ ನನ್ನನ್ನು ನೋಡಿದಳು. ಅವರು ಹೋದ ಮೇಲೆ ಒಂದೇ ಮಾತು ಹೇಳಿದಳು, "ಎಣ್ಣೆಯ ಪ್ರೆಶರ್ ಮುಳ್ಳು ಹೊರಡುವಾಗಲೇ ಮೇಲಿನ ತುದಿಗೆ ಹೋಗಿ ನಿಂತಿತ್ತು." ತೆಳ್ಳಗಿನ ಎಣ್ಣೆಯಲ್ಲಿ ಮುಳ್ಳು ಹಾಗೆ ನಿಲ್ಲುವುದಿಲ್ಲ. ತಣ್ಣಗಿನ ದಪ್ಪ ಎಣ್ಣೆ ಮುಂದೆ ಹೋಗದೆ ತಡೆದು ನಿಂತಾಗಲೇ ಹಾಗಾಗುವುದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಮಧ್ಯಾಹ್ನ ಅವಳ ಕಾರನ್ನು, ಸಾಮಾನು ಹೇರಿಕೊಂಡು ನಾನು ತಂದಿದ್ದ ಅಪ್ಪನ ಜೀಪಿಗೆ ಹಗ್ಗದಲ್ಲಿ ಕಟ್ಟಿ ಘಟ್ಟ ಇಳಿಸಿದೆವು. ಜೀಪಿನಲ್ಲಿ ನಾನು, ಹಿಂದೆ ಸತ್ತ ಎಂಜಿನಿನ ಕಾರಿನಲ್ಲಿ ಅವಳು. ಇಳಿಜಾರಿನಲ್ಲಿ ಹಾಗೆ ಬರುವುದು ಎಷ್ಟು ಕಷ್ಟ ಎಂದು ಮಾಡಿದವರಿಗೆ ಗೊತ್ತು. ಹಿಂದಿನ ಕಾರಿನವರು ಬ್ರೇಕನ್ನು ಹದವಾಗಿ ಹಿಡಿಯುತ್ತಲೇ ಇರಬೇಕು. ಸ್ವಲ್ಪ ಬಿಟ್ಟರೆ ಮುಂದಿನ ಗಾಡಿಗೆ ಗುದ್ದುತ್ತದೆ, ಸ್ವಲ್ಪ ಜಾಸ್ತಿಯಾದರೆ ಹಗ್ಗ ತುಂಡಾಗುತ್ತದೆ. ನಾನು ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಘಟ್ಟದ ಅಷ್ಟೂ ತಿರುವುಗಳಲ್ಲಿ ಆ ಹಗ್ಗ ಒಂದು ಸಲವೂ ಸಡಿಲವಾಗಲಿಲ್ಲ, ಒಂದು ಸಲವೂ ಜಗ್ಗಲಿಲ್ಲ. ಅಂಥ ಕೈಯವಳು ಗೇರ್ ತಪ್ಪಿಸಿದಳು ಎಂದು ನಾನು ಹೇಳಿದ್ದೆ.

ಬೆಂಗಳೂರಿನಿಂದ ಮತ್ತೆ ಯಾರೂ ಕರೆಯಲಿಲ್ಲ. ನಾನು ಎಂಜಿನ್ ಪುನಃ ಕಟ್ಟಿಕೊಡುತ್ತೇನೆ ಎಂದೆ. "ಬೇಡ ಬಿಡು, ಮಗಳ ಪರೀಕ್ಷೆ ಉಂಟು" ಎಂದಳು. ಆ ಕಾರನ್ನು ಯಾರಿಗೋ ಕೊಟ್ಟುಬಿಟ್ಟಳು. ಆಮೇಲೆ ಮಾರ್ಕೆಟಿಗೆ, ಮದುವೆಗಳಿಗೆ, ಆಸ್ಪತ್ರೆಗೆ ಕಾರು ಓಡಿಸಿದಳು, ಅಷ್ಟೆ. ಮನೆಯ ಕಾರಿನ ಎಣ್ಣೆ ಬದಲಿಸಲು ಮಾತ್ರ ಯಾವಾಗಲೂ ನನ್ನಲ್ಲಿಗೇ ಬರುತ್ತಿದ್ದಳು. ಬರುವಾಗ ಎಣ್ಣೆಯ ಡಬ್ಬಿಯನ್ನು ತಾನೇ ತರುತ್ತಿದ್ದಳು. ತಾನೇ ಮುಚ್ಚಳ ತೆಗೆದು, ತಾನೇ ಸುರಿದು, ಕೈ ಒರೆಸಿಕೊಂಡು, "ಚಾ ತರಿಸು ಮಾರಾಯ" ಎನ್ನುತ್ತಿದ್ದಳು. ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಡಬ್ಬಿ ಮಾತ್ರ ನನ್ನ ಕೈಗೆ ಕೊಡಲಿಲ್ಲ.

ನನ್ನ ಆ ಸುಳ್ಳು ಮನೆಯಲ್ಲಿ ತಮಾಷೆಯಾಗಿ ಬೆಳೆಯಿತು. ಯಾರಾದರೂ ಗೇರ್ ಹಾಕುವಾಗ ಕರಕರ ಸದ್ದು ಮಾಡಿದರೆ, "ಅಕ್ಕನ ಮೂರನೆಯ ಗೇರು!" ಎಂದು ನಗುವುದು. ಅಕ್ಕನ ಮಗಳು ದೊಡ್ಡವಳಾದಳು, ಅವಳ ಬಾಯಲ್ಲಿ ಅದು "ಅಮ್ಮನ ಗೇರು" ಆಯಿತು. ಮೊಮ್ಮಕ್ಕಳಿಗೆ "ಅಜ್ಜಿಯ ಗೇರು". ಅಕ್ಕನೂ ನಗುತ್ತಿದ್ದಳು. ಕಳೆದ ವರ್ಷ ಅಕ್ಕ ತೀರಿಕೊಂಡಳು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಕುಳಿತಲ್ಲಿಯೂ ಯಾರೋ ಆ ಕಥೆ ತೆಗೆದರು. ನಾನು ಬಾಳೆಲೆ ನೋಡಿಕೊಂಡು ಉಂಡೆ.

ಡಾಕ್ಟರ ಕಾರಿಗೆ ಎಣ್ಣೆ ಹಾಕಿದ ಮರು ಭಾನುವಾರ ಅಕ್ಕನ ಮಗಳು ನನ್ನನ್ನು ಕಾವೂರಿಗೆ ಕರೆದುಕೊಂಡು ಹೋಗಲು ಬಂದಿದ್ದಳು. ಕಾರು ಓಡಿಸುತ್ತಿದ್ದವಳು ಅವಳ ಮಗಳು, ಹೊಸದಾಗಿ ಲೈಸೆನ್ಸ್ ಸಿಕ್ಕಿದವಳು. ಪಂಪ್‌ವೆಲ್‌ನ ಫ್ಲೈಓವರಿನ ಅಡಿಯಲ್ಲಿ ಗೇರ್ ಕರಕರ ಎಂದಿತು.

"ಬಂತು ನೋಡಿ ಮಾಮ, ಅಜ್ಜಿಯ ಗೇರು!" ಅಕ್ಕನ ಮಗಳು ನಕ್ಕಳು.

"ನಿನ್ನ ಅಮ್ಮ ಗೇರ್ ತಪ್ಪಿಸಿರಲಿಲ್ಲ" ಎಂದೆ. "ಎಣ್ಣೆ ಬದಲಿಸಿದ್ದು ನಾನು. ಎಂಜಿನ್ ಹೋದದ್ದು ಅದರಿಂದ. ಗೇರ್ ತಪ್ಪಿತೆಂದು ಸುಳ್ಳು ಹೇಳಿದವನೂ ನಾನೇ."

ಹುಡುಗಿ ಕಾರನ್ನು ಬದಿಗೆ ನಿಲ್ಲಿಸಿದಳು. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅಕ್ಕನ ಮಗಳು ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ತಿರುಗಲಿಲ್ಲ, ಎದುರಿನ ಗಾಜನ್ನೇ ನೋಡುತ್ತಾ ಕೇಳಿದಳು.

"ಅಮ್ಮನಿಗೆ ಗೊತ್ತಿತ್ತಾ ಮಾಮ?"

"ಗೊತ್ತಿತ್ತು."

"ಮತ್ತೆ ನಾವು ಅದನ್ನು ಹೇಳುವಾಗೆಲ್ಲ ಅವರೂ ನಗ್ತಿದ್ದರಲ್ಲ..."

ನಗುತ್ತಿದ್ದಳು. ಪ್ರತಿ ಸಲವೂ ನನ್ನ ಮುಖವನ್ನೇ ನೋಡಿಕೊಂಡು ನಗುತ್ತಿದ್ದಳು. ಈಗಲಾದರೂ ಹೇಳು ಎಂದೋ, ಇನ್ನು ಹೇಳುವುದು ಬೇಡ ಬಿಡು ಎಂದೋ... ಯಾವುದೆಂದು ನಾನು ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಕ್ಕೆ ಈಗ ಅವಳಿಲ್ಲ.